ದಾವೆ ಹಾಕಿದ ತಾರೀಖು ಗೊತ್ತು, ನಂಬರ್ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ಹುಡುಕೋದು ಹೇಗೆ?

ಹಿನ್ನೀರಿನಾಚೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ತೋಟದ ಮೇಲೆ ಸ್ವಲ್ಪ ಸಾಲ ತೆಗೆಯೋಣ ಅಂತ ಬ್ಯಾಂಕಿಗೆ ಹೋಗಿದ್ದೆ. ಮಾತಿನ ಮಧ್ಯೆ "ಹಿಂದೆ ಒಂದು ಪಾಲಿನ ದಾವೆ ಇತ್ತು" ಅಂತ ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ. ಅಷ್ಟಕ್ಕೇ ಅವರ ವಕೀಲರು ಫೈಲ್ ಮುಚ್ಚಿ, "ಆ ದಾವೆ ನಂಬರ್ ತನ್ನಿ, ಏನಾಗಿದೆ ನೋಡೋಣ" ಅಂದರು.

ನಂಬರ್ ಎಲ್ಲೂ ಸಿಗುತ್ತಿಲ್ಲ. ದಾವೆ ನಡೆಸಿದ ವಕೀಲರೂ ಈಗಿಲ್ಲ. ಚಿಕ್ಕಪ್ಪನನ್ನು ಕೇಳಿದರೆ "ಅದೆಲ್ಲ ಯಾವಾಗಲೋ ಮುಗಿದಿದೆ ಮಾರಾಯ" ಅನ್ನುತ್ತಾರೆ. ಹೇಗೆ ಮುಗಿಯಿತು ಅಂತ ಕೇಳಿದ ಕೂಡಲೇ ಕವಳ ಉಗಿಯಲು ಎದ್ದು ಹೋಗುತ್ತಾರೆ.

ಅಪ್ಪನಿಗೆ ಡೈರಿ ಬರೆಯುವ ಅಭ್ಯಾಸ ಇತ್ತು. 19-12-2013ರ ಪುಟದಲ್ಲಿ ಹೀಗಿದೆ: "ಮೊದಲ ಲಾಂಚ್‌ಗೆ ಹೋದೆ. ಸಾಗರದಲ್ಲಿ ದಾವೆ ಹಾಕಿ ಆಯಿತು. ಕೊಯ್ಲಿನವರು ಬಂದು ವಾಪಸ್ ಹೋದರಂತೆ." ಇಷ್ಟೇ ಆಧಾರ. ಕೋರ್ಟುಗಳ ಕೇಸು ನೋಡುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಅಪ್ಪನ ಹೆಸರು, 2013 ಅಂತ ಹಾಕಿದೆ. ಏನೂ ಬರಲಿಲ್ಲ. ತಾರೀಖು ಹಾಕಿ ಹುಡುಕುವ ಜಾಗವೇ ಕಾಣಲಿಲ್ಲ. ನನಗೆ ಗೊತ್ತಾಗುತ್ತಿಲ್ಲವೋ, ಇಲ್ಲವೇ ಇಲ್ಲವೋ?

—

ಭದ್ರಾವತಿ_ಕೋಡು · ಭಾನುವಾರ ರಾತ್ರಿ 10:05

ಇಲ್ಲವೇ ಇಲ್ಲ. ನಿಮ್ಮ ತಪ್ಪಲ್ಲ.

ಕೇಸ್ ಸ್ಟೇಟಸ್ ಅನ್ನುವಲ್ಲಿ ಪಕ್ಷಗಾರರ ಹೆಸರು, ಕೇಸ್ ನಂಬರ್, ಫೈಲಿಂಗ್ ನಂಬರ್, ವಕೀಲರ ಹೆಸರು, ಎಫ್‌ಐಆರ್ ನಂಬರ್, ಕಾಯ್ದೆ, ಕೇಸಿನ ವಿಧ ಇವುಗಳಿಂದ ಹುಡುಕಬಹುದು. ದಾವೆ ಹಾಕಿದ ತಾರೀಖಿನಿಂದ ಆಗುವುದಿಲ್ಲ. ತಮಾಷೆ ಏನು ಅಂದರೆ, ಯಾವುದೇ ಕೇಸನ್ನು ತೆರೆದರೂ ಮೇಲ್ಗಡೆಯೇ ಫೈಲಿಂಗ್ ದಿನಾಂಕ ಅಂತ ಒಂದು ಸಾಲು ಇರುತ್ತದೆ. ಅಂದರೆ ಮಾಹಿತಿ ಒಳಗೆ ಇದೆ, ಅದನ್ನು ಹಿಡಿದು ಕೇಳುವ ಬಾಗಿಲು ಮಾತ್ರ ಇಟ್ಟಿಲ್ಲ.

ಅಮೆರಿಕದ ಫೆಡರಲ್ ಕೋರ್ಟುಗಳಿಗೆ ಪೇಸರ್ ಅಂತ ಒಂದು ವ್ಯವಸ್ಥೆ ಇದೆ. ಅಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ದಾಖಲಾದ ಕೇಸು ಅಂತ ಕೇಳಬಹುದು. ಆದರೆ ಪುಟಕ್ಕೆ 10 ಸೆಂಟ್ ಕೊಡಬೇಕು. ನಮ್ಮದು ಪುಕ್ಕಟೆ, ಕ್ಯಾಪ್ಚಾ ಒಂದೇ ಶಿಕ್ಷೆ.

—

ಹಳೇ_ಗುಮಾಸ್ತ · ಸೋಮವಾರ ಬೆಳಿಗ್ಗೆ 6:15

ನಾನು ಸಾಗರ ಕೋರ್ಟಿನಲ್ಲಿ ವಕೀಲರೊಬ್ಬರ ಹತ್ತಿರ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ತಮ್ಮಾ, ನೀನು 2013 ಅಂತ ಹಾಕಿ ಹುಡುಕಿದೆಯಲ್ಲ, ಎಡವಿದ್ದು ಅಲ್ಲೇ.

ದಾವೆ ಹಾಕುವುದು ಒಂದು ದಿನ. ದಾವೆಗೆ ನಂಬರ್ ಬೀಳುವುದು ಇನ್ನೊಂದು ದಿನ. ಕೌಂಟರಿನಲ್ಲಿ ಕಾಗದ ಕೊಟ್ಟ ದಿನ ಸಿಗುವುದು ಫೈಲಿಂಗ್ ನಂಬರ್. ಆಮೇಲೆ ಆಫೀಸಿನಲ್ಲಿ ಪರಿಶೀಲನೆ. ಕೋರ್ಟ್ ಫೀಸು ಕಡಿಮೆ, ಪ್ರತಿವಾದಿಗಳಿಗೆ ಕೊಡುವ ನಕಲು ಸಾಲದು, ಪಹಣಿ ಹಳೇದು, ವಂಶವೃಕ್ಷ ಇಲ್ಲ ಹೀಗೆ ಏನಾದರೂ ಒಂದು ಆಬ್ಜೆಕ್ಷನ್ ಹಾಕುತ್ತಾರೆ. ಅದನ್ನು ಸರಿ ಮಾಡಿಕೊಟ್ಟ ಮೇಲೆ ರಿಜಿಸ್ಟರ್ ಆಗಿ ಓ.ಎಸ್. ನಂಬರ್, ಅಂದರೆ ಒರಿಜಿನಲ್ ಸೂಟ್ (ಮೂಲ ದಾವೆ) ನಂಬರ್ ಬೀಳುತ್ತದೆ. ಹೆಸರಿನಿಂದ ಹುಡುಕುವಾಗ ಅವರು ಕೇಳುವ ವರ್ಷ ರಿಜಿಸ್ಟರ್ ಆದ ವರ್ಷ, ಹಾಕಿದ ವರ್ಷ ಅಲ್ಲ.

ಈಗ ನಿಮ್ಮ ಅಪ್ಪ ಹೋದದ್ದು ಡಿಸೆಂಬರ್ 19ಕ್ಕೆ. ಗುರುವಾರ. ಆಚೆಗೆ ಕ್ರಿಸ್ಮಸ್ ರಜೆ ಬಂತು. ಸಣ್ಣ ಆಬ್ಜೆಕ್ಷನ್ ಇದ್ದರೂ ಆ ದಾವೆಗೆ ಹೊಸ ವರ್ಷದಲ್ಲೇ ನಂಬರ್ ಬಿದ್ದಿರುತ್ತದೆ. 2014 ಹಾಕಿ ನೋಡು. ಡಿಸೆಂಬರ್ ದಾವೆಗಳದ್ದು ಯಾವಾಗಲೂ ಇದೇ ಕಥೆ. ನಮ್ಮ ಆಫೀಸಿಗೆ ಬಂದು ನಂಬರ್ ಮರೆತೆ ಅನ್ನುವವರಿಗೆ ನಾನು ಮೊದಲು ಕೇಳುತ್ತಿದ್ದದ್ದು, "ಹಾಕುವಾಗ ಕೊನೆಕೊಯ್ಲೋ, ಮೊದಲ ಕೊಯ್ಲೋ?" ಕೊನೆಕೊಯ್ಲು ಅಂದರೆ ಮುಂದಿನ ವರ್ಷದಲ್ಲೂ ಹುಡುಕಬೇಕು.

—

ಹಿನ್ನೀರಿನಾಚೆ · ಸೋಮವಾರ ಮಧ್ಯಾಹ್ನ 1:20

ಅಣ್ಣಾ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆದರೆ 2014 ಹಾಕಿದರೂ ಬರಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಿಂದಿನ ದರೆ ಹತ್ತಿದರೆ ಮಾತ್ರ. ಕ್ಯಾಪ್ಚಾ ಬರುತ್ತದೆ, ಹಾಕುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಮತ್ತೆ ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಅಂತ ಮೊದಲಿನಿಂದ ಶುರು. ಆರು ಸಲ ಮಾಡಿದೆ. "ರೆಕಾರ್ಡ್ ನಾಟ್ ಫೌಂಡ್".

—

ತುಂಗಾತೀರದವಳು · ಸೋಮವಾರ ಮಧ್ಯಾಹ್ನ 2:45

ನಾನು ತೀರ್ಥಹಳ್ಳಿಯವಳು. ವಕೀಲಿಕೆ ಶುರು ಮಾಡಿ ನಾಲ್ಕು ವರ್ಷ. ಎರಡು ವಿಷಯ ನೋಡಿ.

ಹೆಸರಿನ ಕೆಳಗೆ ಪೆಂಡಿಂಗ್, ಡಿಸ್ಪೋಸ್ಡ್, ಬೋತ್ ಅಂತ ಮೂರು ಗುಂಡಿ ಇರುತ್ತವೆ. ನಿಮ್ಮ ಚಿಕ್ಕಪ್ಪ ಹೇಳಿದಂತೆ ಮುಗಿದಿದ್ದರೆ ಪೆಂಡಿಂಗ್‌ನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಬೋತ್ ಒತ್ತಿ.

ಇನ್ನೊಂದು ಹೆಸರು. ದಾಖಲೆ ಇಂಗ್ಲಿಷಿನಲ್ಲಿ ಇರುತ್ತದೆ, ಟೈಪ್ ಮಾಡಿದವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ತಿಮ್ಮಪ್ಪ ಅನ್ನುವ ಹೆಸರಿನಲ್ಲಿ ಟಿ ಆದಮೇಲೆ ಎಚ್ ಇರಬಹುದು, ಇಲ್ಲದಿರಬಹುದು. ಕೊನೆಯಲ್ಲಿ ಒಂದು ಪಿ ಇರಬಹುದು, ಎರಡಿರಬಹುದು. ಗಣಪತಿಯ ತಿ ಬರೆಯುವುದಕ್ಕೆ ಟಿಐ ಕೂಡ ಆಗುತ್ತದೆ, ಟಿಎಚ್‌ಐ ಕೂಡ ಆಗುತ್ತದೆ, ಟಿಎಚ್‌ವೈ ಹಾಕುವವರೂ ಇದ್ದಾರೆ. ಲಕ್ಷ್ಮಿ, ಲಕ್ಷ್ಮಮ್ಮ ಬಂದರೆ ದೇವರೇ ಗತಿ. ಪೂರ್ತಿ ಹೆಸರು ಹಾಕಲೇಬೇಕು ಅಂತ ಇಲ್ಲ, ಮೂರು ಅಕ್ಷರ ಸಾಕು. ಕಡಿಮೆ ಹಾಕಿದಷ್ಟೂ ಸಿಗುವ ಸಾಧ್ಯತೆ ಜಾಸ್ತಿ. ಇನಿಷಿಯಲ್ ಹಾಕಬೇಡಿ. ಚಿಕ್ಕಪ್ಪನ ಹೆಸರಿನಿಂದಲೂ ಹುಡುಕಿ, ಅವರು ಪ್ರತಿವಾದಿ ಅಲ್ವಾ?

ಸಾಗರದಲ್ಲಿ ಒಂದೇ ಕೋರ್ಟು ಇರುವುದಲ್ಲ. ಸಿವಿಲ್ ಜಡ್ಜ್ ಕೋರ್ಟಿಗೆ ಹೋಗಬೇಕೋ, ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಹೋಗಬೇಕೋ ಅನ್ನುವುದು ದಾವೆಯ ಮೌಲ್ಯದ ಮೇಲೆ ನಿಂತಿರುತ್ತದೆ. ಎರಡರಲ್ಲೂ ನೋಡಿ.

—

ಸೈಟು_ಕೊಂಡವ · ಸೋಮವಾರ ಸಂಜೆ 6:30

ನಾನೂ ಇದೇ ತಾರೀಖಿನ ಕಾಟದಲ್ಲಿ ಬಿದ್ದವನು. ಶಿವಮೊಗ್ಗದ ಹೊರವಲಯದಲ್ಲಿ ಒಂದು ಸೈಟು ನೋಡಿದೆ. ಇಸಿ, ಅಂದರೆ ಋಣಭಾರ ಪತ್ರ, ಕ್ಲೀನಾಗಿತ್ತು. ಮಾರುವವನ ಹೆಸರು ಹಾಕಿ ಇ-ಕೋರ್ಟ್ಸ್‌ನಲ್ಲೂ ನೋಡಿದ್ದೆ, ಜಾಣ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಬುಧವಾರ ರಿಜಿಸ್ಟ್ರೇಷನ್ ಮಾಡಿಸಿದೆ. ಮೂರು ವಾರ ಬಿಟ್ಟು ಕೋರ್ಟಿನಿಂದ ನೋಟಿಸ್ ಬಂತು. ಮಾರಿದವನ ತಂಗಿ ಪಾಲು ಕೇಳಿ ದಾವೆ ಹಾಕಿದ್ದಳು. ಹಾಕಿದ ತಾರೀಖು ನೋಡಿದರೆ ನನ್ನ ರಿಜಿಸ್ಟ್ರೇಷನ್‌ಗೆ ಎರಡು ದಿನ ಮುಂಚೆ, ಸೋಮವಾರ! ನಂಬರ್ ಬಿದ್ದದ್ದು ಮಾತ್ರ ಹತ್ತು ದಿನ ಆದಮೇಲೆ.

ನಾನು ಹೋಗಿ ಹೇಳಿದೆ, "ಸ್ವಾಮಿ, ನಾನು ಕೊಂಡಾಗ ಕೇಸ್ ನಂಬರೇ ಇರಲಿಲ್ಲ" ಅಂತ. ನನ್ನ ವಕೀಲರು ನಕ್ಕರು. ಯಾಕೆ ನಕ್ಕರು ಅಂತ ತುಂಗಾತೀರದ ಮೇಡಂ ಹೇಳಲಿ. ನನಗೆ ಈಗಲೂ ಆ ಸಿಟ್ಟು ಇಳಿದಿಲ್ಲ.

—

ತುಂಗಾತೀರದವಳು · ಸೋಮವಾರ ರಾತ್ರಿ 8:10

ಆಸ್ತಿ ವರ್ಗಾವಣೆ ಕಾಯ್ದೆ 1882ರ 52ನೇ ಕಲಂ. ದಾವೆ ನಡೆಯುತ್ತಿರುವಾಗ ಆ ಆಸ್ತಿ ಕೊಂಡವರು ದಾವೆಯ ಫಲಿತಾಂಶಕ್ಕೆ ಕಟ್ಟುಬಿದ್ದಿರುತ್ತಾರೆ. ದಾವೆ ಶುರುವಾಗುವುದು ಯಾವತ್ತಿನಿಂದ ಅನ್ನುವುದನ್ನೂ ಆ ಕಲಮಿನ ವಿವರಣೆಯಲ್ಲೇ ಬರೆದಿದೆ: ವಾದಪತ್ರ ಕೋರ್ಟಿಗೆ ಸಲ್ಲಿಸಿದ ದಿನದಿಂದ. ನಂಬರ್ ಬಿದ್ದ ದಿನದಿಂದ ಅಲ್ಲ, ನೋಟಿಸ್ ತಲುಪಿದ ದಿನದಿಂದಲೂ ಅಲ್ಲ. ಹಾಗಾಗಿ ಸೋಮವಾರವೇ ಲೆಕ್ಕ.

ವಾಯಿದೆ ಕಾಯ್ದೆಯಲ್ಲೂ ಹಾಗೆಯೇ, ಅಂದರೆ ಎಷ್ಟು ಕಾಲದೊಳಗೆ ದಾವೆ ಹಾಕಬೇಕು ಅಂತ ಹೇಳುವ 1963ರ ಲಿಮಿಟೇಷನ್ ಕಾಯ್ದೆ. 3ನೇ ಕಲಮಿನ ಪ್ರಕಾರ ವಾದಪತ್ರ ಸಲ್ಲಿಸಿದ ದಿನ ದಾವೆ ಹೂಡಿದಂತೆ. ಕರಾರಿನ ಪ್ರಕಾರ ಕ್ರಯ ಮಾಡಿಕೊಡಿ ಅಂತ ದಾವೆ ಹಾಕಲು 3 ವರ್ಷ ಸಮಯ. ಆ 3 ವರ್ಷ ಮುಗಿಯುವ ಸಂಜೆ ಹಾಕಿದ್ದರೂ ಸರಿ, ನಂಬರ್ ಯಾವತ್ತಾದರೂ ಬೀಳಲಿ. ಅದಕ್ಕೇ ನಾವು ಈ ಫೈಲಿಂಗ್ ದಿನಾಂಕದ ಸಾಲನ್ನು ಅಷ್ಟು ಹುಷಾರಾಗಿ ನೋಡುವುದು.

ಮಹಾರಾಷ್ಟ್ರ, ಗುಜರಾತಿನಲ್ಲಿ 52ನೇ ಕಲಮಿಗೆ ತಿದ್ದುಪಡಿ ಇದೆ. ಅಲ್ಲಿ ದಾವೆ ಹಾಕಿದವರು ಅದರ ನೋಟಿಸನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ಹಾಗಿಲ್ಲ. ಅದಕ್ಕೇ ಇಸಿ ಕ್ಲೀನು ಅಂದ ಮಾತ್ರಕ್ಕೆ ದಾವೆ ಇಲ್ಲ ಅಂತಲ್ಲ. ಪಹಣಿಯ 11ನೇ ಕಾಲಂನಲ್ಲಿ ಕೆಲವೊಮ್ಮೆ ಕೋರ್ಟಿನ ತಡೆಯಾಜ್ಞೆ ಬರುತ್ತದೆ, ಆದರೆ ಯಾರಾದರೂ ತಂದು ಕೊಟ್ಟಿದ್ದರೆ ಮಾತ್ರ.

—

ಸೈಟು_ಕೊಂಡವ · ಸೋಮವಾರ ರಾತ್ರಿ 8:25

ಅಂದರೆ ಕೊಳ್ಳುವವನು ಕುರುಡನ ಹಾಗೆ ಕೊಳ್ಳಬೇಕು. ಈ ವಾರ ಈ ಕೋರ್ಟಿನಲ್ಲಿ ಯಾವ್ಯಾವ ದಾವೆ ಬಿದ್ದವು ಅಂತ ತಾರೀಖಿನ ಮೇಲೆ ನೋಡುವ ಹಾಗಿದ್ದಿದ್ದರೆ ನಾನು ಉಳಿಯುತ್ತಿದ್ದೆ. ಯಾಕೆ ಕೊಡುವುದಿಲ್ಲ ಇವರು?

—

ಮಲೆನಾಡ_ಮಳೆ · ಸೋಮವಾರ ರಾತ್ರಿ 9:50

ಕೊಡದೇ ಇರುವುದೇ ಒಳ್ಳೆಯದು ಅನ್ನುವವಳು ನಾನು. ಬೈಯಬೇಡಿ.

ನನ್ನದೊಂದು ವಿಚ್ಛೇದನದ ಕೇಸ್ ಇತ್ತು. ಇಬ್ಬರೂ ಒಪ್ಪಿ ಹಾಕಿದ್ದು. ನಾವು ಹಾಕಿದ ವಾರದಲ್ಲೇ ನಮ್ಮೂರಿನ ಒಬ್ಬರು ನನ್ನ ಅಮ್ಮನನ್ನು ಮದುವೆಮನೆಯಲ್ಲಿ ನಿಲ್ಲಿಸಿ "ಮಗಳು ಕೋರ್ಟಿಗೆ ಹೋಗಿದ್ದಾಳಂತೆ" ಅಂದಿದ್ದರು. ಅಮ್ಮ ಆ ಮದುವೆಯಲ್ಲಿ ಊಟ ಮಾಡದೆ ಬಂದಳು. ಹೆಸರು ಗೊತ್ತಿದ್ದವರು ಹೆಸರು ಹಾಕಿ ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ತಾರೀಖು ಒತ್ತಿದರೆ ಇಡೀ ತಾಲ್ಲೂಕಿನ ಜಗಳ ಪಟ್ಟಿಯಾಗಿ ಬರುವುದು ಬೇರೆ ವಿಷಯ. ನಮ್ಮ ಕಡೆ ಜನ ಬೆಳಿಗ್ಗೆ ಅಡಿಕೆ ರೇಟು ನೋಡಿದ ಹಾಗೆ ಇದನ್ನೂ ನೋಡುತ್ತಾರೆ.

2017ರಲ್ಲಿ ನಮ್ಮ ಹೈಕೋರ್ಟಿನ ಮುಂದೆಯೇ ಇಂಥದ್ದೊಂದು ಬಂದಿತ್ತು. ಮಗಳ ಮದುವೆ ವಿಷಯದ ಕೇಸಿನಲ್ಲಿ ಅವಳ ಹೆಸರು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗದ ಹಾಗೆ ಮಾಡಿ ಅಂತ ತಂದೆ ಕೇಳಿಕೊಂಡಿದ್ದರು. ಕೋರ್ಟು ಒಪ್ಪಿತು.

—

ಭದ್ರಾವತಿ_ಕೋಡು · ಸೋಮವಾರ ರಾತ್ರಿ 10:30

ಮಳೆ ಅಕ್ಕ ಹೇಳುವುದು ಸರಿ ಇದೆ. ಆದರೆ ಸಿವಿಲ್ ಆಸ್ತಿ ದಾವೆಗೂ ಮನೆಯ ವಿಷಯಕ್ಕೂ ಒಂದೇ ಅಳತೆ ಯಾಕೆ? ಜಮೀನಿನ ದಾವೆಯನ್ನು ಸರ್ವೆ ನಂಬರ್ ಮತ್ತು ತಾರೀಖಿನಿಂದ ಹುಡುಕುವಂತೆ ಮಾಡಿ, ಉಳಿದದ್ದು ಮುಚ್ಚಿಡಿ. ಈ ಇ-ಕೋರ್ಟ್ಸ್ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ ಒಪ್ಪಿದ್ದು 7,210 ಕೋಟಿ. ಅದರಲ್ಲಿ ಒಂದು ಬಟನ್ ಬರದೇ ಇರುತ್ತದಾ?

ಸರಿ, ತುಮರಿಯವರ ವಿಷಯಕ್ಕೆ ಬರೋಣ. ಹೆಸರಿನಿಂದ ಸಿಗದಿದ್ದರೆ ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ನಂಬರ್‌ಗಳು ವರ್ಷದ ಶುರುವಿನಿಂದ 1, 2, 3 ಅಂತ ಹೋಗುತ್ತವೆ ಅಲ್ವಾ? ಕೇಸ್ ನಂಬರಿನಲ್ಲಿ ಓ.ಎಸ್. 100 ಹಾಕಿ. ತೆರೆದಾಗ ತಾರೀಖು ಏಪ್ರಿಲ್ ಬಂತು ಅಂದುಕೊಳ್ಳಿ. ನಿಮಗೆ ಬೇಕಾದ್ದು ಫೆಬ್ರವರಿ. ಹಾಗಾದರೆ 50 ಹಾಕಿ. ಜನವರಿ ಬಂತಾ? 75 ಹಾಕಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಏಳೆಂಟು ಸಲದಲ್ಲಿ ಹತ್ತಿರ ಬರುತ್ತೀರಿ. ನಿಘಂಟಿನಲ್ಲಿ ಪದ ಹುಡುಕಿದ ಹಾಗೆ.

—

ಹಳೇ_ಗುಮಾಸ್ತ · ಮಂಗಳವಾರ ಬೆಳಿಗ್ಗೆ 6:05

ಭದ್ರಾವತಿ ತಮ್ಮಾ, ಉಪಾಯ ಚೆನ್ನಾಗಿದೆ. ಆದರೆ ನಿಘಂಟಿನಲ್ಲಿ ಪದಗಳು ಸಾಲಾಗಿ ಇರುತ್ತವೆ, ಕೋರ್ಟಿನಲ್ಲಿ ಹಾಗಿಲ್ಲ. ಓ.ಎಸ್. ನಂಬರಿನ ಸಾಲು ರಿಜಿಸ್ಟರ್ ಆದ ಸಾಲು. ನವೆಂಬರಿನಲ್ಲಿ ಹಾಕಿ ಆಬ್ಜೆಕ್ಷನ್ನಿನಲ್ಲಿ ಕೂತ ದಾವೆಗೆ ಫೆಬ್ರವರಿಯಲ್ಲಿ ನಂಬರ್ ಬೀಳಬಹುದು. ಮೊನ್ನೆ ಹಾಕಿದ್ದಕ್ಕೆ ಇವತ್ತೇ ಬೀಳಬಹುದು, ತುರ್ತು ತಡೆಯಾಜ್ಞೆ ಬೇಕು ಅಂತಿದ್ದರೆ. ಹಾಕಿದ ತಾರೀಖಿನ ಸಾಲು ಬೇಕಾದರೆ ಫೈಲಿಂಗ್ ನಂಬರಿನಲ್ಲಿ ಅರ್ಧ ಮಾಡುತ್ತಾ ಹೋಗು, ಆಗ ಸರಿಯಾಗುತ್ತದೆ.

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ದಿನದ ತಾರೀಖಿನಲ್ಲಿ ದಾವೆಗಳು ರಾಶಿ ಬಿದ್ದಿರುತ್ತವೆ, ಅದೂ ನೆನಪಿರಲಿ. ದಾವೆ ಹಾಕುವ ವಾಯಿದೆ ರಜೆಯಲ್ಲಿ ಮುಗಿದರೆ ತೆರೆದ ದಿನ ಹಾಕಬಹುದು ಅಂತ ಕಾನೂನು. ಎಲ್ಲರೂ ಅವತ್ತೇ ಬರುತ್ತಾರೆ. ನಾವು ಆವತ್ತು ಬೆಳಿಗ್ಗೆ ಏಳಕ್ಕೇ ಟೈಪಿಂಗ್ ಶುರು ಮಾಡುತ್ತಿದ್ದೆವು, ಒಂದು ಕೈಯಲ್ಲಿ ದೋಸೆ. ಹಾಗೆಯೇ ಕೋವಿಡ್ ಕಾಲದ್ದು ಹುಡುಕುವವರು ಹಾಕಬೇಕಿದ್ದ ವರ್ಷದಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ. 15-3-2020ರಿಂದ 28-2-2022ರವರೆಗಿನ ಕಾಲವನ್ನು ವಾಯಿದೆ ಲೆಕ್ಕದಿಂದ ಸುಪ್ರೀಂ ಕೋರ್ಟ್ ಬಿಟ್ಟುಕೊಟ್ಟಿತು. 2020ರಲ್ಲಿ ಹಾಕಬೇಕಿದ್ದವು 2022ರಲ್ಲಿ ಬಿದ್ದಿವೆ.

ಹಿಂದೆ ದೊಡ್ಡ ದಾವಾ ರಿಜಿಸ್ಟರ್ ಇತ್ತು, ಉದ್ದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ತಾರೀಖು ಹೇಳಿದರೆ ಬೆರಳು ಓಡಿಸಿ ಎರಡು ನಿಮಿಷದಲ್ಲಿ ತೋರಿಸುತ್ತಿದ್ದರು. ಇವತ್ತು ಕಂಪ್ಯೂಟರ್ ಬಂದು ತಾರೀಖು ಕೇಳಿದರೆ ನಂಬರ್ ಕೊಡು ಅನ್ನುತ್ತದೆ. ನಂಬರ್ ಇದ್ದರೆ ನಾನು ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಮಾರಾಯ!

—

ಸೊರಬದ_ಗದ್ದೆ · ಮಂಗಳವಾರ ಬೆಳಿಗ್ಗೆ 9:30

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಜಮೀನಿನ ಕೇಸು ಇ-ಕೋರ್ಟ್ಸ್‌ನಲ್ಲಿ ಇಲ್ಲವೇ ಇಲ್ಲ. ಖಾತೆ ಬದಲಾವಣೆ ಮೇಲೆ ಸಾಗರ ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಅಪೀಲು ಹಾಕಿದ್ದೆವು. ಹಾಕಿದ ತಾರೀಖಿನ ಸೀಲು ಕಾಗದದ ಮೇಲೆ ಇದೆ. ಅದು ಎಲ್ಲಿ ಕಾಣುತ್ತದೆ?

—

ತುಂಗಾತೀರದವಳು · ಮಂಗಳವಾರ ಬೆಳಿಗ್ಗೆ 10:15

ಸೊರಬದವರೇ, ಎಸಿ ಕೋರ್ಟು, ಡಿಸಿ ಕೋರ್ಟು, ತಹಶೀಲ್ದಾರ್ ಕೋರ್ಟು ಇವೆಲ್ಲ ಕಂದಾಯ ಇಲಾಖೆಯವು. ಹೆಸರಲ್ಲಿ ಕೋರ್ಟು ಅಂತ ಇದ್ದರೂ ಇ-ಕೋರ್ಟ್ಸ್‌ಗೆ ಬರುವುದಿಲ್ಲ. ಅದಕ್ಕೆ ಕಂದಾಯ ಇಲಾಖೆಯ ಬೇರೆಯೇ ಜಾಲತಾಣ ಇದೆ, ಆರ್‌ಸಿಸಿಎಂಎಸ್ ಅಂತ. ನಿಮ್ಮದು 136(2)ರ ಅಪೀಲು ಇರಬೇಕು, ಭೂಕಂದಾಯ ಕಾಯ್ದೆ 1964. ಅಲ್ಲಿ ನೋಡಿ.

ಜಮೀನು ಕೊಳ್ಳುವವರಿಗೂ ಇದು ಮುಖ್ಯ. ನಮ್ಮ ಮಲೆನಾಡಿನಲ್ಲಿ ಜಮೀನಿನ ಅರ್ಧ ತಕರಾರು ಸಿವಿಲ್ ಕೋರ್ಟಿನ ಹೊರಗೇ ಇರುತ್ತದೆ. ಬಗರ್‌ಹುಕುಂ ಅರ್ಜಿ, ಗೇಣಿಯ ಫಾರಂ 7, ಭೂನ್ಯಾಯ ಮಂಡಳಿ ಆದೇಶ, ಅರಣ್ಯ ಇಲಾಖೆಯ ಒತ್ತುವರಿ ನೋಟಿಸ್. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿ ಇಲ್ಲದೆ ಮಾರಾಟವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಕೆಳಗೆ ಎಸಿ ಮುಂದೆ ಕೇಸು ನಡೆಯುತ್ತದೆ. 2023ರ ತಿದ್ದುಪಡಿ ಆದಮೇಲೆ ಅದಕ್ಕೆ ಕಾಲಮಿತಿಯೂ ಇಲ್ಲ. ಇ-ಕೋರ್ಟ್ಸ್‌ನಲ್ಲಿ "ರೆಕಾರ್ಡ್ ನಾಟ್ ಫೌಂಡ್" ಬಂತು ಅಂತ ಅಡ್ವಾನ್ಸ್ ಕೊಟ್ಟವರು ನಮ್ಮ ಆಫೀಸಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ.

—

ಸೊರಬದ_ಗದ್ದೆ · ಮಂಗಳವಾರ ಬೆಳಿಗ್ಗೆ 11:40

ಸಿಕ್ಕಿತು ಮೇಡಂ. ವಿಚಾರಣೆಯ ಮುಂದಿನ ವಾಯಿದೆ ಹೋದ ತಿಂಗಳೇ ಆಗಿಹೋಗಿದೆ. ಈಗಲೇ ಸಾಗರಕ್ಕೆ ಹೊರಟೆ.

—

ಹಿನ್ನೀರಿನಾಚೆ · ಬುಧವಾರ ರಾತ್ರಿ 11:10

ಸಿಕ್ಕಿತು!!

ಇವತ್ತು ಸಾಗರಕ್ಕೆ ಹೋಗಿದ್ದೆ. ಈಗ ಸೇತುವೆ ಆಗಿದೆಯಲ್ಲ, ಲಾಂಚ್ ಕಾಯುವ ತಾಪತ್ರಯ ಇಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕೂತು ನೋಡಿದೆ, ನೆಟ್‌ವರ್ಕ್ ಚೆನ್ನಾಗಿತ್ತು. ಮೊದಲು ಹೆಸರಿನ ಮೂರಕ್ಷರ ಹಾಕಿದೆ. ಪಟ್ಟಿ ಎಷ್ಟು ಉದ್ದ ಬಂತು ಅಂದರೆ ತಲೆ ತಿರುಗಿತು. ಆಮೇಲೆ ಗುಮಾಸ್ತಣ್ಣ ಹೇಳಿದ್ದು ನೆನಪಾಯಿತು. ಡಿಸೆಂಬರ್ ಕೊನೆಗೆ ಹಾಕಿ ಹೊಸ ವರ್ಷದಲ್ಲಿ ನಂಬರ್ ಬಿದ್ದಿದ್ದರೆ ಅದು ಸಣ್ಣ ನಂಬರೇ ಇರಬೇಕಲ್ಲ? ಅರ್ಧ ಮಾಡುವುದೂ ಬೇಡ. ಕೇಸ್ ನಂಬರಿಗೆ ಹೋಗಿ ಓ.ಎಸ್. 1/2014, 2/2014, 3/2014 ಅಂತ ಒಂದೊಂದೇ ಹಾಕುತ್ತಾ ಹೋದೆ. ಪ್ರತಿ ಸಲ ಒಂದು ಕ್ಯಾಪ್ಚಾ. ಪಕ್ಕದಲ್ಲಿ ಕೂತಿದ್ದ ಅಜ್ಜ "ಆಟ ಆಡ್ತಿದ್ದೀಯಾ?" ಅಂತ ಕೇಳಿದರು.

ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಇಪ್ಪತ್ತರವರೆಗೆ ಹೋದೆ, ಇಲ್ಲ. ಸೀನಿಯರ್ ಕೋರ್ಟಿಗೆ ಹೋಗಿ ಮತ್ತೆ ಒಂದರಿಂದ ಶುರು. ಏಳನೇದು ತೆರೆದಾಗ ಫೈಲಿಂಗ್ ದಿನಾಂಕ 19-12-2013 ಅಂತ ಬಂತು. ಕೆಳಗೆ ರಿಜಿಸ್ಟ್ರೇಷನ್ ದಿನಾಂಕ ಜನವರಿದು. ಅಪ್ಪನ ಹೆಸರು ನೋಡಿದರೆ ಎಚ್ ಇಲ್ಲ, ಒಂದು ಪಿ ಇಲ್ಲ, ಕೊನೆಗೆ ಒಂದು ಎ ಜಾಸ್ತಿ. ಊರಿನ ಹೆಸರೂ ತಪ್ಪು. ಸುಮ್ನೆ ಅಲ್ಲ ಸಿಗದೇ ಇದ್ದದ್ದು.

ಕೇಸ್ ಡಿಸ್ಪೋಸ್ಡ್ ಅಂತ ಇದೆ. 2017ರಲ್ಲಿ ಡಿಕ್ರಿ ಆಗಿದೆ. ಹಾಗಾದರೆ ಚಿಕ್ಕಪ್ಪ ಹೇಳಿದ್ದು ನಿಜವೇ? ಮುಗಿದಿದೆಯಾ?

—

ನಿರ್ವಾಹಕರು · ಬುಧವಾರ ರಾತ್ರಿ 11:25

ಖುಷಿಯಾಯಿತು. ಆದರೆ ನೀವು ಹಾಕಿದ್ದ ಸ್ಕ್ರೀನ್‌ಶಾಟ್ ತೆಗೆದಿದ್ದೇವೆ. ಸಿಎನ್‌ಆರ್ ನಂಬರ್ (ಆ ಕೇಸಿಗೆ ಮಾತ್ರ ಇರುವ ಗುರುತಿನ ನಂಬರ್), ಎಲ್ಲರ ಹೆಸರು, ವಕೀಲರ ಹೆಸರು ಅದರಲ್ಲಿ ಇತ್ತು. ಸಾರ್ವಜನಿಕ ದಾಖಲೆ ನಿಜ, ಆದರೂ ಇಲ್ಲಿ ಹಾಕುವುದು ಬೇಡ.

—

ಹಳೇ_ಗುಮಾಸ್ತ · ಗುರುವಾರ ಬೆಳಿಗ್ಗೆ 5:50

ಶಹಬ್ಬಾಸ್. ಆ 16 ಅಕ್ಷರದ ಸಿಎನ್‌ಆರ್ ನಂಬರ್ ಇದೆಯಲ್ಲ, ಕೆಎ ಅಂತ ಶುರುವಾಗುವುದು, ಅದನ್ನು ಅಪ್ಪನ ಡೈರಿಯಲ್ಲೇ ಬರೆದಿಡು. ಇನ್ನು ಮುಂದೆ ರಾಜ್ಯ, ಜಿಲ್ಲೆ, ಕೋರ್ಟು ಏನೂ ಕೇಳುವುದಿಲ್ಲ, ಅದೊಂದು ಹಾಕಿದರೆ ಸಾಕು.

ಮುಗಿದಿದೆಯಾ ಅಂದರೆ ಅರ್ಧ ಮುಗಿದಿದೆ. ಪಾಲಿನ ದಾವೆಯಲ್ಲಿ ಮೊದಲು ಆಗುವುದು ಪ್ರಿಲಿಮಿನರಿ ಡಿಕ್ರಿ. ನಿನಗೆ ಇಷ್ಟು ಪಾಲು, ಅವನಿಗೆ ಇಷ್ಟು ಪಾಲು ಅಂತ ಕಾಗದದ ಮೇಲೆ. ತೋಟದಲ್ಲಿ ಬೇಲಿ ಎಲ್ಲಿ ಬರಬೇಕು ಅನ್ನುವುದು ಫೈನಲ್ ಡಿಕ್ರಿಯಲ್ಲಿ. ಅದಕ್ಕೆ ಬೇರೆ ಅರ್ಜಿ ಹಾಕಬೇಕು, ಎಫ್‌ಡಿಪಿ ಅನ್ನುತ್ತಾರೆ. ಅದೇ ಕೋರ್ಟಿನಲ್ಲಿ 2017ರಿಂದ ಈಚೆಗೆ ಎಫ್‌ಡಿಪಿ ವಿಧದಲ್ಲಿ ಹುಡುಕು. ಈ ಸಲ ತಪ್ಪು ಸ್ಪೆಲ್ಲಿಂಗಿನಲ್ಲೇ ಹುಡುಕು, ಅದೇ ಹೆಸರು ಮುಂದುವರಿದಿರುತ್ತದೆ.

ಚಿಕ್ಕಪ್ಪ ಅಪೀಲು ಹಾಕಿರಬಹುದು, ಅದನ್ನೂ ನೋಡು. ಆರ್.ಎ., ಅಂದರೆ ರೆಗ್ಯುಲರ್ ಅಪೀಲು ಅಂತ ಬರುತ್ತದೆ. ಆಗ ಅವರ ಹೆಸರು ಮುಂದೆ, ನಿಮ್ಮ ಅಪ್ಪನ ಹೆಸರು ಹಿಂದೆ.

—

ತುಂಗಾತೀರದವಳು · ಗುರುವಾರ ಬೆಳಿಗ್ಗೆ 10:40

ಸೇರಿಸುತ್ತೇನೆ. ಅಪೀಲಿನ ಮೇಲೆ ಅಪೀಲು ಹೈಕೋರ್ಟಿಗೆ ಹೋಗಿದ್ದರೆ ಬೆಂಗಳೂರು ಪೀಠದಲ್ಲಿ ನೋಡಿ. ಶಿವಮೊಗ್ಗ ಜಿಲ್ಲೆ ಬೆಂಗಳೂರಿಗೆ ಸೇರುತ್ತದೆ. ತಾಳಗುಪ್ಪ ದಾಟಿ ಸಿದ್ದಾಪುರಕ್ಕೆ ಹೋದರೆ ಅದು ಉತ್ತರ ಕನ್ನಡ, ಧಾರವಾಡ ಪೀಠ. ನಿಮ್ಮ ಕಡೆಯವರ ಜಮೀನು ಎರಡೂ ಕಡೆ ಇರುತ್ತದೆ, ಅದಕ್ಕೆ ಹೇಳಿದೆ.

ಎಫ್‌ಡಿಪಿ ಹಾಕಿಲ್ಲದಿದ್ದರೂ ಗಾಬರಿ ಬೇಡ. ಪಾಲಿನ ದಾವೆಯಲ್ಲಿ ಫೈನಲ್ ಡಿಕ್ರಿ ಕೇಳುವುದಕ್ಕೆ ಕಾಲಮಿತಿ ಇಲ್ಲ ಅಂತ 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನ ವಾರಸುದಾರರಾಗಿ ನೀವು, ಅಮ್ಮ, ಅಕ್ಕ ತಂಗಿಯರಿದ್ದರೆ ಅವರೂ ಸೇರಿ ಹಾಕಬಹುದು. ಕಂದಾಯ ಕಟ್ಟುವ ಜಮೀನಾದ್ದರಿಂದ ಅಳತೆ ಮಾಡಿ ಹಂಚುವುದು ಕಂದಾಯ ಇಲಾಖೆಯ ಮೂಲಕ, ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ.

ಬ್ಯಾಂಕಿನವರಿಗೆ ಮೊಬೈಲಿನ ಪಿಡಿಎಫ್ ತೋರಿಸಿದರೆ ನಡೆಯುವುದಿಲ್ಲ. ದೃಢೀಕೃತ ನಕಲು ಬೇಕು. ಡಿಕ್ರಿ ಮತ್ತು ತೀರ್ಪು ಎರಡಕ್ಕೂ ನಕಲು ಅರ್ಜಿ ಹಾಕಿ. ನಿಮ್ಮ ಹತ್ತಿರ ಈಗ ನಂಬರ್ ಇದೆ, ಕೆಲಸ ಸುಲಭ.

—

ಸೈಟು_ಕೊಂಡವ · ಗುರುವಾರ ಮಧ್ಯಾಹ್ನ 12:20

ಬೇರೆಯವರಿಗೆ ಉಪಯೋಗ ಆಗಲಿ ಅಂತ ಒಂದು ಮಾತು. ಹಾಕಿದ ತಾರೀಖು ಗೊತ್ತಿಲ್ಲ, ತೀರ್ಪು ಆದ ತಾರೀಖು ಗೊತ್ತು ಅನ್ನುವವರು ಕೋರ್ಟ್ ಆರ್ಡರ್ಸ್ ಅನ್ನುವಲ್ಲಿ ಹೋಗಿ. ಅಲ್ಲಿ ಆದೇಶದ ತಾರೀಖಿನಿಂದ ಹುಡುಕಬಹುದು, ಇಂಥ ದಿನದಿಂದ ಇಂಥ ದಿನ ಅಂತ. ತಾರೀಖಿನ ಬಾಗಿಲು ಅಲ್ಲೊಂದು ಕಡೆ ತೆರೆದಿದೆ. ಹೋಗುವಾಗಿನದ್ದು ಕೇಳುವ ಹಾಗಿದೆ, ಬರುವಾಗಿನದ್ದು ಕೇಳುವ ಹಾಗಿಲ್ಲ!

—

ಮಲೆನಾಡ_ಮಳೆ · ಗುರುವಾರ ಮಧ್ಯಾಹ್ನ 12:50

ತುಮರಿಯವರೇ, ಚಿಕ್ಕಪ್ಪನ ಹತ್ತಿರ ನಂಬರ್ ಹೇಳಿದಿರಾ? ಅವರ ಮುಖ ಹೇಗಿತ್ತು?

—

ಹಿನ್ನೀರಿನಾಚೆ · ಶುಕ್ರವಾರ ರಾತ್ರಿ 9:15

ಹೇಳಿದೆ ಅಕ್ಕಾ. ಕವಳ ಉಗಿಯಲು ಎದ್ದು ಹೋದರು. ಈ ಸಲ ವಾಪಸ್ ಬಂದು ಕೂತರು. "ಅಳತೆ ಮಾಡಿಸುವುದಾದರೆ ಮಳೆ ಬೀಳುವ ಮುಂಚೆ ಮಾಡಿಸು" ಅಂದರು. ಅಷ್ಟೇ ಮಾತು.

ಅಪೀಲು ಇಲ್ಲ. ಎಫ್‌ಡಿಪಿಯೂ ಇಲ್ಲ. ನಕಲಿಗೆ ಅರ್ಜಿ ಹಾಕಿದ್ದೇನೆ, ಫೈಲು ರೆಕಾರ್ಡ್ ರೂಮಿನಿಂದ ಬರಬೇಕಂತೆ.

ನಿನ್ನೆ ರಾತ್ರಿ ಆ ಪುಟದಲ್ಲಿ ಕೆಳಗೆ ಹೋದಾಗ ಕೇಸ್ ಹಿಸ್ಟರಿ ಅಂತ ವಾಯಿದೆ ತಾರೀಖುಗಳ ಪಟ್ಟಿ ಬಂತು. ಮೂರು ವರ್ಷದ್ದು. ನಾನು ತಾರೀಖು ಓದುತ್ತಾ ಹೋದೆ, ಅಮ್ಮ ಡೈರಿ ತೆಗೆದು ಆ ದಿನದ ಸಾಲು ಓದುತ್ತಾ ಹೋದಳು. ಪಟ್ಟಿಯಲ್ಲಿ ಬರೀ "ಫಾರ್ ಎವಿಡೆನ್ಸ್" ಅಂತ ಇದ್ದ ದಿನ ಡೈರಿಯಲ್ಲಿ "ಜಡ್ಜ್ ರಜೆ. ಅಪ್ಪೆಮಿಡಿ ಸಿಕ್ಕಿತು, ತಂದೆ." ಇನ್ನೊಂದು ಕಡೆ "ಮುಂದಕ್ಕೆ ಹೋಯಿತು. ಕೊನೆ ಲಾಂಚ್ ತಪ್ಪಿತು. ಸಾಗರದಲ್ಲೇ ಉಳಿದೆ." 2015ರ ಜುಲೈನ ಒಂದು ವಾಯಿದೆಗೆ ಡೈರಿಯಲ್ಲಿ ಏನೂ ಇರಲಿಲ್ಲ. ನಾನು "ಇಲ್ಲೇನು?" ಅಂದೆ. ಅಮ್ಮ ಪುಟ ತಿರುಗಿಸಿ, "ಆವತ್ತು ಅವರು ಹೋಗಲಿಲ್ಲ. ನಿನಗೆ ಜ್ವರ ಇತ್ತು" ಅಂದಳು.